ವಾಷಿಂಗ್ ಮಿಷನ್ ಅಡಿಯಿಂದ ನೀರು. ‘ಟಬ್ ಸೀಲ್ ಹೋಗಿದೆ’ ಅಂತಾರೆ, ನಂಬಬಹುದಾ?

ಬಿಜೈ ಬಾಡಿಗೆಮನೆ · ಜುಲೈ 8, ರಾತ್ರಿ 9:40

ನಮಸ್ಕಾರ. ಮಂಗಳೂರಿನ ಬಿಜೈಯಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಏಳು ಕೆ.ಜಿ. ಫ್ರಂಟ್ ಲೋಡ್ ಮಿಷನ್, ತಗೊಂಡು ಆರು ವರ್ಷ ಆಯಿತು. ಹದಿನೈದು ದಿನದಿಂದ ಬಟ್ಟೆ ಒಗೆದಾಗಲೆಲ್ಲ ಯುಟಿಲಿಟಿಯಲ್ಲಿ ನೀರು. ಮೊದಲಿಗೆ ಮಳೆಯ ಎರಚಲು ಅಂದುಕೊಂಡು ಒರೆಸಿ ಸುಮ್ಮನಾದೆ. ಜುಲೈ ತಿಂಗಳಲ್ಲಿ ನಮ್ಮ ಊರಲ್ಲಿ ಯಾವ ನೀರು ಎಲ್ಲಿಂದ ಬಂತು ಅಂತ ಯಾರು ವಿಚಾರಿಸುತ್ತಾರೆ? ಆದರೆ ಮೊನ್ನೆ ಕೆಳಮನೆಯ ಆಂಟಿ ಕರೆದು ಅವರ ಅಡುಗೆಮನೆಯ ಸೀಲಿಂಗ್ ತೋರಿಸಿದರು. ಅಂಗೈ ಅಗಲದ ಒದ್ದೆ ಕಲೆ. ಅದಕ್ಕೆ ಸೋಪಿನ ವಾಸನೆ ಉಂಟಂತೆ!

ರಿಪೇರಿಯವರನ್ನು ಕರೆಸಿದೆ. ಟಾರ್ಚ್ ಹಾಕಿ ಐದು ನಿಮಿಷ ನೋಡಿದರು. ಮಿಷನ್ ಓಡಿಸಲೇ ಇಲ್ಲ. ‘ಟಬ್ ಸೀಲ್, ಬೇರಿಂಗ್ ಎರಡೂ ಹೋಗಿದೆ. 7,500 ಆಗುತ್ತದೆ. ಅಷ್ಟು ಹಾಕುವ ಬದಲು ಹೊಸದು ತಗೊಳ್ಳಿ’ ಅಂದರು. ನೋಡಿದ್ದಕ್ಕೆ 400 ರೂಪಾಯಿ ತಗೊಂಡು ಹೋದರು.

ಶಬ್ದ ಏನೂ ಇಲ್ಲ, ಬಟ್ಟೆ ಚೆನ್ನಾಗಿಯೇ ಒಗೆಯುತ್ತದೆ. ಏನು ಮಾಡಲಿ?

ಮಣಿಪಾಲ್ ಮೂರನೇ ಮಹಡಿ · ರಾತ್ರಿ 9:52

ಆರು ವರ್ಷ ಅಂದರೆ ದುಡಿದಾಯಿತು. ಹೊಸದು ತಗೊಳ್ಳಿ ಮಾರಾಯ್ರೆ, ಅಷ್ಟಮಿ ಹೊತ್ತಿಗೆ ಆಫರ್ ಬರುತ್ತದೆ.

ಹಳೇ ಸ್ಪ್ಯಾನರ್ · ರಾತ್ರಿ 10:15

ಹೊಸದು ತಗೊಳ್ಳುವ ಮಾತು ಆಮೇಲೆ. ಡ್ರಮ್ಮಿನ ಹೊರಗೆ ನೀರು ನಿಲ್ಲುವ ತೊಟ್ಟಿಯೇ ಟಬ್. ಡ್ರಮ್ಮಿನ ಶಾಫ್ಟ್ ಅದರೊಳಗೆ ಬರುವಲ್ಲಿ ನೀರು ತಡೆಯುವ ರಬ್ಬರ್ ಟಬ್ ಸೀಲ್. ಮಿಷನ್ ಓಡಿಸದೆ ಅದು ಹೋಗಿದೆ ಅನ್ನುವುದು ನಾಡಿ ಹಿಡಿಯದೆ ಆಪರೇಷನ್ ಬರೆದುಕೊಟ್ಟ ಹಾಗೆ. ಉಡುಪಿಯಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು ನಾನು, ಈಗ ಬಿಟ್ಟಿದ್ದೇನೆ. ಅದಕ್ಕೇ ಹೇಳುತ್ತೇನೆ.

ಮೊದಲು ನನಗೆ ಬೇಕಾದ್ದು ಒಂದೇ ಉತ್ತರ. ನೀರು ಯಾವಾಗ ಬರುತ್ತದೆ? ಎಲ್ಲಿಂದ ಅಂತ ಈಗಲೇ ಹುಡುಕಬೇಡಿ, ನೆಲ ಮೋಸ ಮಾಡುತ್ತದೆ. ಯುಟಿಲಿಟಿಯ ಟೈಲ್ಸ್‌ಗೆ ಯಾವಾಗಲೂ ಇಳಿಜಾರು ಇರುತ್ತದೆ. ಎದುರು ಸೋರಿದ್ದು ಹಿಂದೆ ಹೋಗಿ ನಿಲ್ಲುತ್ತದೆ. ಆದರೆ ಹೊತ್ತು ಮೋಸ ಮಾಡುವುದಿಲ್ಲ.

ಬಟ್ಟೆ ಹಾಕದೆ ಒಂದು ಸಣ್ಣ ಪ್ರೋಗ್ರಾಂ ಇಡಿ. ನೆಲ ಪೂರ್ತಿ ಒರೆಸಿ, ಮಿಷನ್ ಅಡಿಗೆ ಹಳೇ ಪೇಪರ್ ತಳ್ಳಿ. ಸ್ಟೂಲ್ ಹಾಕಿ ಕೂತುಕೊಳ್ಳಿ. ನೀರು ತುಂಬುವಾಗಲೇ ಪೇಪರ್ ಒದ್ದೆಯಾದರೆ ನಲ್ಲಿಯ ಜೋಡಣೆ, ಇನ್‌ಲೆಟ್ ಪೈಪಿನ ವಾಷರ್, ಇನ್‌ಲೆಟ್ ವಾಲ್ವ್, ಪೌಡರ್ ಟ್ರೇ, ಇಷ್ಟರಲ್ಲೇ ಒಂದು. ತುಂಬಿದ ಮೇಲೆ ನಿಧಾನ ತೊಟ್ಟಿಕ್ಕಿದರೆ ಬಾಗಿಲಿನ ರಬ್ಬರ್, ಕೆಳಗಿನ ಫಿಲ್ಟರ್ ಮುಚ್ಚಳ, ಇಲ್ಲವೇ ಟಬ್ಬಿನಿಂದ ಪಂಪಿಗೆ ಹೋಗುವ ದಪ್ಪ ರಬ್ಬರ್ ಪೈಪ್. ನೀರು ಹೊರಗೆ ಬಿಡುವಾಗ ಮಾತ್ರ ಬಂದರೆ ಮೊದಲು ಡ್ರೈನ್ ಪೈಪ್, ಅದು ಪಂಪಿಗೆ ಸೇರುವ ಜಾಗ ನೋಡಿ. ಪಂಪ್ ಓಡಿದಾಗ ಮಾತ್ರ ಅಲ್ಲಿ ಒತ್ತಡದಲ್ಲಿ ನೀರು ಹೋಗುವುದು. ಡ್ರಮ್ ತಿರುಗುವಾಗ, ಸ್ಪಿನ್ನಿನಲ್ಲಿ, ಹಿಂಭಾಗದ ನಡುವಿನಿಂದ ಇಳಿದರೆ ಆಗ ಟಬ್ ಸೀಲ್ ಅಂತ ಮಾತಾಡೋಣ.

ಸುರತ್ಕಲ್ ಗೃಹಿಣಿ · ರಾತ್ರಿ 10:31

ಪೌಡರ್ ಎಷ್ಟು ಹಾಕುತ್ತೀರಿ? ನಮ್ಮದು ನಗುವ ಕಥೆ. ಬೆಂಗಳೂರಲ್ಲಿ ಒಂಬತ್ತು ವರ್ಷ ಇದ್ದೆವು. ಅಲ್ಲಿ ಬೋರ್‌ವೆಲ್ಲಿನ ಗಡಸು ನೀರು, ಎರಡು ಸ್ಕೂಪ್ ಹಾಕಿದರೂ ನೊರೆ ಬರುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೂ ಅದೇ ಎರಡು ಸ್ಕೂಪ್. ಇಲ್ಲಿನದು ಹೊಳೆ ನೀರು, ಮೆತ್ತಗೆ. ನೊರೆ ಟ್ರೇಯಿಂದ ಉಕ್ಕಿ, ಮಿಷನ್ ಎದುರು ಇಳಿದು ಹಾಲ್‌ವರೆಗೆ ಬಂತು. ನಾನು ಲೀಕ್ ಅಂತ ಮೂರು ಜನರಿಗೆ ಫೋನ್ ಮಾಡಿದ್ದೆ. ಈಗ ಅರ್ಧ ಸ್ಕೂಪ್, ಅದೂ ಫ್ರಂಟ್ ಲೋಡಿನದ್ದೇ ಪೌಡರ್. ಬಕೆಟ್ ಪೌಡರ್ ಹಾಕಬೇಡಿ, ಅದರ ನೊರೆ ಜಾಸ್ತಿ.

ಬಿಜೈ ಬಾಡಿಗೆಮನೆ · ರಾತ್ರಿ 10:40

ಒಂದು ಸ್ಕೂಪ್, ಫ್ರಂಟ್ ಲೋಡಿನದ್ದೇ. ಟ್ರೇ ಎದುರು ಒಣಗಿಯೇ ಇದೆ. ನಾಳೆ ಭಾನುವಾರ, ಸ್ಟೂಲ್ ಹಾಕಿ ಕೂರುತ್ತೇನೆ.

ಕಾಪಿಕಾಡ್ ವೈರಿಂಗ್ · ರಾತ್ರಿ 10:58

ಕೂರುವ ಮೊದಲು ಒಂದು ಮಾತು. ಒದ್ದೆ ನೆಲ, ಬರಿಗಾಲು, ಅಡಿಯಿಂದ ನೀರು ಬರುವ ಮಿಷನ್. ಈ ಮೂರೂ ಒಟ್ಟಿಗೆ ಬೇಡ. ಚಪ್ಪಲಿ ಹಾಕಿ, ಓಡುವಾಗ ಬಾಡಿಯನ್ನು ಮುಟ್ಟಬೇಡಿ. ಕೈ ಹಾಕಬೇಕಾದರೆ ಪ್ಲಗ್ಗೇ ಕೀಳಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್, ಇದೆಯಾ ನೋಡಿ. ಹಳೇ ಬಾಡಿಗೆ ಮನೆಗಳಲ್ಲಿ ಸಾಮಾನ್ಯ ಇರುವುದಿಲ್ಲ. ಮಿಷನ್ ಮುಟ್ಟಿದಾಗ ಜುಮ್ ಅಂದರೆ ಅವತ್ತಿಗೆ ಒಗೆಯುವುದು ನಿಲ್ಲಿಸಿ, ಅರ್ತಿಂಗ್ ನೋಡಿಸಿ.

ಕಡಿಯಾಳಿ ಬಾವಿಕಟ್ಟೆ · ಜುಲೈ 9, ಬೆಳಿಗ್ಗೆ 6:20

ಮಿಷನ್ನಿನದ್ದೇ ತಪ್ಪು ಅಂತ ಯಾಕೆ ಅಂದುಕೊಳ್ಳಬೇಕು? ಉಡುಪಿಯಲ್ಲಿ ನಮ್ಮ ಮನೆಯಲ್ಲಿ ಪ್ರತಿ ಜುಲೈಯಲ್ಲೂ ಲೀಕ್ ಆಗುತ್ತಿತ್ತು, ಅಕ್ಟೋಬರಿನಲ್ಲಿ ತಾನಾಗಿ ಸರಿ ಆಗುತ್ತಿತ್ತು. ಎರಡು ಸಲ ಮೆಕ್ಯಾನಿಕ್ ಬಂದು ಹೋದರು. ಕೊನೆಗೆ ಗೊತ್ತಾಯಿತು, ಮಳೆಗಾಲದಲ್ಲಿ ಬಾವಿಯ ನೀರು ಕಟ್ಟೆ ಹತ್ತಿರ ಬಂದಾಗ ಇಂಗುಗುಂಡಿಯೂ ತುಂಬಿಕೊಂಡಿರುತ್ತದೆ. ನೆಲದ ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಪೂರ್ತಿ ನೀರು ಕುಡಿದಿರುವಾಗ ಗುಂಡಿ ಇನ್ನೆಲ್ಲಿಗೆ ಇಂಗಿಸಬೇಕು? ಮಿಷನ್ ಬಿಟ್ಟ ನೀರು ಗೋಡೆಯ ಪೈಪಿನಲ್ಲಿ ಇಳಿಯದೆ ವಾಪಸ್ ನೆಲದ ಜಾಲಿಯಿಂದ ಮೇಲೆ ಬಂದು ಮಿಷನ್ ಅಡಿ ಸೇರುತ್ತಿತ್ತು.

ಪರೀಕ್ಷೆ ಸುಲಭ. ಡ್ರೈನ್ ಪೈಪನ್ನು ಗೋಡೆಯಿಂದ ತೆಗೆದು ದೊಡ್ಡ ಬಕೆಟ್ಟಿಗೆ ಬಿಡಿ. ನೆಲ ಒಣಗಿಯೇ ಇದ್ದರೆ ಮಿಷನ್ ನಿರಪರಾಧಿ. ಬಕೆಟ್ ಬೇಗ ತುಂಬುತ್ತದೆ, ಮಿಷನ್ ನಿಲ್ಲಿಸುವ ಪಾಝ್ ಬಟನ್ ಮೇಲೆ ಬೆರಳು ಇರಲಿ. ಬಕೆಟ್ ಎತ್ತರದ ಸ್ಟೂಲಿನ ಮೇಲಿರಲಿ. ಪೈಪಿನ ತುದಿ ನೆಲದ ಹತ್ತಿರ ಇಳಿದರೆ ಒಗೆಯುವ ನೀರೆಲ್ಲ ತಾನಾಗಿ ಹರಿದುಹೋಗುತ್ತದೆ, ಮಿಷನ್ ತುಂಬಿಸುತ್ತಲೇ ಇರುತ್ತದೆ.

ಉಳ್ಳಾಲದ ಉಪ್ಪುಗಾಳಿ · ಬೆಳಿಗ್ಗೆ 7:45

ನನ್ನದರಲ್ಲಿ ನಿಜವಾಗಿಯೂ ಟಬ್ ಸೀಲ್ ಹೋಗಿತ್ತು. ಅದು ಹೇಗಿರುತ್ತದೆ ಅಂತ ಹೇಳುತ್ತೇನೆ, ಹೋಲಿಸಿ ನೋಡಿ. ಸ್ಪಿನ್ ಶುರುವಾದರೆ ಬಜಪೆಯಲ್ಲಿ ವಿಮಾನ ಏರಿದ ಶಬ್ದ. ಮಿಷನ್ ಖಾಲಿ ಇರುವಾಗ ಡ್ರಮ್ಮಿನ ಮೇಲಂಚು ಹಿಡಿದು ಎತ್ತಿ ಇಳಿಸಿದರೆ ಟಬ್ಬಿಗೆ ಸೇರದ ಹಾಗೆ ಡ್ರಮ್ ಮಾತ್ರ ಕಟಕಟ ಅಲುಗಾಡುತ್ತಿತ್ತು. ಬಿಳಿ ಬಟ್ಟೆಗೆ ಕಂದು ಬಣ್ಣದ ಗ್ರೀಸ್ ಕಲೆ. ಹಿಂದಿನ ತಗಡು ಬಿಚ್ಚಿದರೆ ಟಬ್ಬಿನ ನಡುವಿನಿಂದ ಕೆಳಗೆ ತುಕ್ಕಿನ ಗೆರೆ ಇಳಿದಿತ್ತು. ಸೀಲ್ ಮೊದಲು ಹೋಗುತ್ತದೆ, ಅಲ್ಲಿಂದ ನೀರು ಬೇರಿಂಗಿಗೆ ನುಗ್ಗಿ ಅದನ್ನು ತುಕ್ಕು ಹಿಡಿಸುತ್ತದೆ. ಶಬ್ದ ಅದರದ್ದು.

ಬಿಚ್ಚಿಸಿದ ಮೇಲೆ ಡ್ರಮ್ಮಿನ ಹಿಂದಿನ ಮೂರು ಕಾಲಿನ ಅಲ್ಯುಮಿನಿಯಂ ಸ್ಪೈಡರ್ ನೋಡಿದೆ. ಗೆದ್ದಲು ತಿಂದ ಮರದ ಹಾಗಿತ್ತು. ಮೇಲಾಗಿ ನಮ್ಮದು ಟಬ್ಬಿನ ಎರಡು ಹೋಳು ಅಂಟಿಸಿ ಬಂದ ಮಾಡೆಲ್, ಬೇರಿಂಗ್ ಮಾತ್ರ ಬದಲಿಸಲು ಆಗುವುದಿಲ್ಲ, ಇಡೀ ಟಬ್ ಹಾಕಬೇಕು ಅಂದರು. ಹಾಗಾಗಿ ಹೊಸದು ತಗೊಂಡೆ. ಸಮುದ್ರದಿಂದ ಇನ್ನೂರು ಮೀಟರ್ ದೂರದಲ್ಲಿ ಇದ್ದರೆ ಹೊರಗಿನ ತಗಡೂ ಉಳಿಯುವುದಿಲ್ಲ ಬಿಡಿ.

ಬಿಜೈ ಬಾಡಿಗೆಮನೆ · ಮಧ್ಯಾಹ್ನ 1:10

ಕೂತೆ. ವರದಿ ಒಪ್ಪಿಸುತ್ತೇನೆ.

ಡ್ರಮ್ ಎತ್ತಿ ನೋಡಿದೆ, ಅಲುಗಾಟ ಇಲ್ಲ. ಕೈಯಿಂದ ತಿರುಗಿಸಿದರೆ ಶಬ್ದವೂ ಇಲ್ಲ. ನೀರು ತುಂಬಿತು, ಪೇಪರ್ ಒಣ. ಐದು ನಿಮಿಷ ತಿರುಗಿತು, ಒಣ. ಅಷ್ಟರಲ್ಲಿ ಗುಡುಗು ಬಂದು ಕರೆಂಟ್ ಹೋಯಿತು! ಮಿಷನ್ ನೀರು ಹೊತ್ತುಕೊಂಡು ನಿಂತುಬಿಟ್ಟಿತು. ಬೇಜಾರಾಗಿ ಊಟಕ್ಕೆ ಹೋದೆ. ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಎದುರಿನ ಎಡ ಮೂಲೆಯಲ್ಲಿ ಪೇಪರ್ ಒದ್ದೆ. ಒಂದು ನೀರುದೋಸೆಯಷ್ಟು ಅಗಲ.

ಕರೆಂಟ್ ಬಂತು, ಮಿಷನ್ ನೀರು ಬಿಡಲು ಶುರು ಮಾಡಿತು. ಆಗ ಹಿಂದಿನಿಂದ ಸೀದಾ ಧಾರೆ. ಪಂಪ್ ನಿಂತ ಕೂಡಲೇ ಧಾರೆಯೂ ನಿಂತಿತು. ಸ್ಪಿನ್ ಜೋರಾಗಿ ತಿರುಗುವಾಗ ಹೊಸದಾಗಿ ಏನೂ ಬರಲಿಲ್ಲ. ಬಕೆಟ್ಟಿಗೆ ಬಿಟ್ಟೂ ನೋಡಿದೆ, ಆಗಲೂ ಧಾರೆ ಇತ್ತು. ಹಾಗಾಗಿ ನಮ್ಮ ಗೋಡೆಯ ಪೈಪ್ ನಿರಪರಾಧಿ.

ಹಳೇ ಸ್ಪ್ಯಾನರ್ · ಮಧ್ಯಾಹ್ನ 1:34

ಕರೆಂಟ್ ಹೋದದ್ದು ನಿಮ್ಮ ಪುಣ್ಯ. ಅಂಥ ಪರೀಕ್ಷೆಯನ್ನು ನಾವು ಬೇಕೆಂದೇ ಮಾಡುತ್ತಿದ್ದೆವು. ನೀರು ತುಂಬಿಸಿ, ನಿಲ್ಲಿಸಿ, ಚಾ ಕುಡಿದು ಬರುವುದು.

ಎರಡು ಲೀಕ್ ಉಂಟು ನಿಮ್ಮದರಲ್ಲಿ. ಎರಡೂ ಟಬ್ ಸೀಲ್ ಅಲ್ಲ. ಯಾಕೆ ಅಂದರೆ ಫ್ರಂಟ್ ಲೋಡ್ ಒಗೆಯುವಾಗ ತಗೊಳ್ಳುವ ನೀರು ಕಮ್ಮಿ, ಡ್ರಮ್ಮಿನ ಕೆಳಭಾಗದಲ್ಲಷ್ಟೇ ನಿಲ್ಲುತ್ತದೆ. ಸೀಲ್ ಇರುವುದು ಹಿಂದೆ, ಡ್ರಮ್ಮಿನ ಸರೀ ನಡುವಿನಲ್ಲಿ, ಶಾಫ್ಟ್ ಸುತ್ತ. ನಿಂತ ನೀರು ಅಷ್ಟು ಎತ್ತರಕ್ಕೆ ಏರುವುದೇ ಇಲ್ಲ. ಏರದ ನೀರು ಅಲ್ಲಿಂದ ಹೇಗೆ ಸೋರಬೇಕು? ನಿಮ್ಮ ರಿಪೇರಿಯವರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ನಿಂತಾಗ ಎದುರು ಎಡ ಮೂಲೆ ಒದ್ದೆಯಾದರೆ ಅಲ್ಲಿ ಏನಿದೆ ನೋಡಿ. ನಿಮ್ಮದರಲ್ಲಿ ಫಿಲ್ಟರ್ ಆ ಕಡೆ ಇದೆಯಾ?

ಬಿಜೈ ಬಾಡಿಗೆಮನೆ · ಮಧ್ಯಾಹ್ನ 1:37

ಎಡಗಡೆ ಕೆಳಗೆ ಒಂದು ಸಣ್ಣ ಬಾಗಿಲು ಇದೆ. ಆರು ವರ್ಷದಲ್ಲಿ ಒಮ್ಮೆಯೂ ತೆಗೆದಿಲ್ಲ 🙈

ಹಳೇ ಸ್ಪ್ಯಾನರ್ · ಮಧ್ಯಾಹ್ನ 1:41

ಆರು ವರ್ಷ! ಅದನ್ನು ಸುಮ್ನೆ ತಿರುಗಿಸಿ ತೆಗೆಯಬೇಡಿ, ಒಳಗೆ ಉಳಿದ ನೀರೆಲ್ಲ ಒಮ್ಮೆಲೇ ನಿಮ್ಮ ಕಾಲ ಮೇಲೆ ಬರುತ್ತದೆ. ಪ್ಲಗ್ ಕೀಳಿ, ನಲ್ಲಿ ಬಂದ್ ಮಾಡಿ. ಬಿಸಿ ನೀರಲ್ಲಿ ಒಗೆದಿದ್ದರೆ ತಣಿಯಲಿ. ಪಕ್ಕದಲ್ಲಿ ಬೆರಳು ಗಾತ್ರದ ಸಣ್ಣ ಪೈಪ್ ಇದ್ದರೆ ಅದರ ಬಿರಡೆ ತೆಗೆದು ತಟ್ಟೆಗೆ ನೀರು ಬಿಡಿ. ತಗ್ಗಿನ ತಟ್ಟೆ ಬೇಕು, ಎತ್ತರದ ಡಬ್ಬಿ ಅಲ್ಲಿ ಹಿಡಿಯುವುದಿಲ್ಲ. ಆಮೇಲೆ ಮುಚ್ಚಳವನ್ನು ಎಡಕ್ಕೆ ಮೆಲ್ಲ ತಿರುಗಿಸಿ. ಹೊರಬಂದ ಮೇಲೆ ಅದರ ಕುತ್ತಿಗೆಯ ರಬ್ಬರ್ ರಿಂಗ್ ನೋಡಿ. ಕಸ ಕೂತಿದೆಯಾ, ಹರಿದಿದೆಯಾ, ಗಟ್ಟಿಯಾಗಿದೆಯಾ?

ಬಿಜೈ ಬಾಡಿಗೆಮನೆ · ಮಧ್ಯಾಹ್ನ 2:50

ಸಿಕ್ಕಿದ್ದು: ಎರಡು ರೂಪಾಯಿ ನಾಣ್ಯ ಎರಡು, ತಲೆಪಿನ್ನು ಮೂರು, ಮಗನ ಬಿಳಿ ಕಾಲುಚೀಲದಿಂದ ಬಂದ ಹಾಗೆ ಕಾಣುವ ನೂಲಿನ ಉಂಡೆ. ವಾಸನೆಯ ಬಗ್ಗೆ ಬರೆಯುವುದಿಲ್ಲ. ರಬ್ಬರ್ ರಿಂಗಿನ ಮೇಲೆ ಅಡ್ಡಲಾಗಿ ಒಂದು ಕಂದು ಎಳೆ ಕೂತಿತ್ತು. ಕೂದಲು ಅಂದುಕೊಂಡು ಎಳೆದರೆ ಚಪ್ಪಟೆ. ಹೆಂಡತಿ ನೋಡಿದ ಕೂಡಲೇ ಹೇಳಿದಳು, ಬಾಳೆನಾರು. ಮೇ ತಿಂಗಳ ಮದುವೆಗಳಲ್ಲಿ ಮುಡಿದ ಮಲ್ಲಿಗೆಯದ್ದು! ರವಿಕೆಗೆ ಸಿಕ್ಕಿಕೊಂಡು ಮಿಷನ್ನಿಗೆ ಬಂದಿರಬೇಕು.

ಕಟಪಾಡಿ ಮಲ್ಲಿಗೆ ತೋಟ · ಮಧ್ಯಾಹ್ನ 3:05

ಶಂಕರಪುರ ಮಲ್ಲಿಗೆಯ ಮೇಲೆ ಇಂಥ ಆರೋಪ ಇದೇ ಮೊದಲು 😄 ನಾರಿನಲ್ಲಿ ಕಟ್ಟುವುದೇ ಹೂ ಬಾಡದಿರಲಿ ಅಂತ. ನಾರು ಗಟ್ಟಿ ಇರುತ್ತದೆ ಮಾರಾಯ್ರೆ, ಬಟ್ಟೆ ಕೊಡವಿ ಹಾಕಿ.

ಹಳೇ ಸ್ಪ್ಯಾನರ್ · ಮಧ್ಯಾಹ್ನ 3:20

ಒಂದು ಎಳೆ ಸಾಕು, ರಿಂಗ್ ಕೂರುವುದಿಲ್ಲ. ಮೇ ತಿಂಗಳ ನಾರು, ಜೂನ್ ಕೊನೆಗೆ ಲೀಕ್. ಲೆಕ್ಕ ಸರಿ ಇದೆ. ರಿಂಗನ್ನು ಒರೆಸಿ, ಅದು ಕೂರುವ ಜಾಗವನ್ನೂ ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ. ಮುಚ್ಚಳ ನೇರ ಇಟ್ಟು ಕೈಯಿಂದಲೇ ಬಿಗಿ ಮಾಡಿ, ಪಕ್ಕಡ್ ಹಾಕಬೇಡಿ, ಅದು ಪ್ಲಾಸ್ಟಿಕ್. ಎಂ-ಸೀಲ್ ಹಚ್ಚಲು ಯಾರಾದರೂ ಹೇಳಿದರೆ ಕೇಳಬೇಡಿ. ಮುಂದಿನ ಸಲ ತೆಗೆಯಲಾಗದೆ ಪಂಪೇ ಬದಲಿಸಿದವರನ್ನು ನೋಡಿದ್ದೇನೆ.

ಹೇಗೂ ಕೂತಿದ್ದೀರಿ, ಬಾಗಿಲಿನ ರಬ್ಬರನ್ನೂ ಮಡಚಿ ಕೆಳಭಾಗ ನೋಡಿಬಿಡಿ. ನಾಣ್ಯ, ಹುಕ್ಕು ಕೊರೆಯುವುದು ಅಲ್ಲೇ. ಅಲ್ಲಿ ಸಣ್ಣ ತೂತುಗಳು ಇದ್ದರೆ ಗಾಬರಿ ಬೇಡ, ನೀರು ಇಳಿಯಲು ಕಂಪನಿಯೇ ಕೊಟ್ಟದ್ದು. ಅಂಚು ಸಮ ಇರುತ್ತದೆ. ಹರಿದದ್ದಾದರೆ ಸೀಳಿದ ಹಾಗೆ ಇರುತ್ತದೆ.

ಇನ್ನು ಹಿಂದೆ ನೋಡಿ. ಅಲ್ಲಿ ಏನಿರುತ್ತದೆ ಅಂತ ನನಗೆ ಅಂದಾಜು ಉಂಟು, ಈಗ ಹೇಳುವುದಿಲ್ಲ.

ಬಿಜೈ ಬಾಡಿಗೆಮನೆ · ಸಂಜೆ 5:15

ಬಾಗಿಲಿನ ರಬ್ಬರ್ ಕಪ್ಪಾಗಿದೆ, ಹರಿದಿಲ್ಲ. ಪಕ್ಕದ ಮನೆಯ ಹುಡುಗನನ್ನು ಕರೆದು ಇಬ್ಬರೂ ಸೇರಿ ಮಿಷನ್ ಎಳೆದೆವು. ಅಬ್ಬಾ, ಆನೆ ಭಾರ! ಒಳಗೆ ಏನಿಟ್ಟಿದ್ದಾರೆ?

ಹಿಂದೆ ಡ್ರೈನ್ ಪೈಪ್ ಸುಕ್ಕುಸುಕ್ಕಾಗಿ ಬಾಗುವ ಜಾಗದಲ್ಲಿ ಎರಡು ತೂತು. ಅಂಚಿನಲ್ಲಿ ಹಲ್ಲಿನ ಗುರುತು. ಅಡಿಯಲ್ಲಿ ಬಿಸ್ಕೆಟ್ ಕವರ್, ತೆಂಗಿನ ಸಿಪ್ಪೆಯ ನಾರು, ಒಣ ಎಲೆ. ಇಲಿ ಬಾಡಿಗೆ ಕೊಡದೆ ಸಂಸಾರ ಹೂಡಿತ್ತು.

ಹಳೇ ಸ್ಪ್ಯಾನರ್ · ಸಂಜೆ 5:22

ಅದೇ ಅಂದಾಜು ಮಾಡಿದ್ದು. ಜೂನ್ ಮಳೆ ಶುರುವಾದರೆ ನಮಗೆ ಅರ್ಧದಷ್ಟು ಫೋನ್ ಇಲಿ ಕೇಸು. ಹೊರಗೆ ಬಿಲಕ್ಕೆ ನೀರು ನುಗ್ಗಿದರೆ ಅದು ಎಲ್ಲಿಗೆ ಹೋಗಬೇಕು? ಹೊರಗೋಡೆಯ ಪೈಪ್ ಹಿಡಿದು ಎರಡನೇ ಮಹಡಿಗೂ ಹತ್ತುತ್ತದೆ. ಮಿಷನ್ ಅಡಿ ಬೆಚ್ಚಗಿರುತ್ತದೆ, ಕತ್ತಲು, ಯಾರೂ ಗುಡಿಸುವುದಿಲ್ಲ. ವೈರ್ ಕಡಿಯದೆ ಬಿಟ್ಟದ್ದು ನಿಮ್ಮ ಅದೃಷ್ಟ. ಟಾರ್ಚ್ ಹಾಕಿ ವೈರುಗಳನ್ನು ಒಮ್ಮೆ ನೋಡಿಬಿಡಿ, ಸಿಪ್ಪೆ ಹೋಗಿದ್ದರೆ ಮಿಷನ್ ಓಡಿಸಬಾರದು.

ಭಾರ ಯಾಕೆ ಅಂದರೆ ಸ್ಪಿನ್ನಿನಲ್ಲಿ ಕುಣಿಯದಿರಲಿ ಅಂತ ಟಬ್ಬಿಗೆ ಕಾಂಕ್ರೀಟ್ ತುಂಡು ಕಟ್ಟಿರುತ್ತಾರೆ. ಏಳು ಕೆ.ಜಿ. ಮಿಷನ್ ಅಂದರೆ ಬಟ್ಟೆಯ ಲೆಕ್ಕ. ಮಿಷನ್ನಿನ ಭಾರ 60 ಕೆ.ಜಿ. ಮೇಲೆ. ಒಬ್ಬರೇ ವಾಲಿಸಲು ಹೋಗಬೇಡಿ.

ಪೈಪಿಗೆ ಟೇಪ್ ಸುತ್ತಿದರೆ ಎರಡು ದಿನ. ಸುಕ್ಕು ಇರುವ ಜಾಗದಲ್ಲಿ ಯಾವುದೂ ಹಿಡಿಯುವುದಿಲ್ಲ. ಪೂರ್ತಿ ಪೈಪೇ ಬದಲಿಸಿ. ಹಳೇದನ್ನು ಅಂಗಡಿಗೆ ತಗೊಂಡು ಹೋಗಿ, ಪಂಪಿಗೆ ಸೇರುವ ತುದಿ ಒಂದೊಂದು ಮಾಡೆಲಿಗೆ ಬೇರೆ. ಹಾಕಿದ ಮೇಲೆ ಮೇಲಿನ ತುದಿ ನೆಲದಿಂದ ಎರಡರಿಂದ ಮೂರು ಅಡಿ ಎತ್ತರದಲ್ಲಿರಲಿ. ಪಂಪಿನ ಹತ್ತಿರದ ಕ್ಲಿಪ್ ಮರೆಯಬೇಡಿ.

ಸುರತ್ಕಲ್ ಗೃಹಿಣಿ · ಸಂಜೆ 5:40

ಇಲಿಗೆ ನುಸಿಗುಳಿಗೆ ಇಡಿ.

ಉಳ್ಳಾಲದ ಉಪ್ಪುಗಾಳಿ · ಸಂಜೆ 5:44

ಇಟ್ಟಿದ್ದೆ. ಮಾರನೇ ದಿನ ಗುಳಿಗೆಯನ್ನು ಪಕ್ಕಕ್ಕೆ ತಳ್ಳಿ ಅದೇ ಜಾಗದಲ್ಲಿ ಮಲಗಿತ್ತು. ಅಡಿಗೆ ಕಬ್ಬಿಣದ ಸಣ್ಣ ಜಾಲಿ ಕಟ್ಟುವುದೇ ಗತಿ. ಆದರೆ ಗೋಣಿ, ಹಳೇ ಬಟ್ಟೆ ತುರುಕಬೇಡಿ. ಮೋಟಾರಿಗೆ ಗಾಳಿ ಬೇಕು.

ಕುಳಾಯಿ ಟ್ಯಾಂಕಿ · ರಾತ್ರಿ 8:12

ಇದು ಇವರ ಪ್ರಶ್ನೆಗೆ ಸಂಬಂಧ ಇಲ್ಲ, ಆದರೂ ಯಾರಿಗಾದರೂ ಬೇಕಾಗಬಹುದು. 2019ರ ಬೇಸಿಗೆಯಲ್ಲಿ ಮಂಗಳೂರಿಗೆ ರೇಷನ್ ಮಾಡಿ ನೀರು ಬಿಡುತ್ತಿದ್ದರಲ್ಲ, ತುಂಬೆ ಅಣೆಕಟ್ಟಿನಲ್ಲಿ ನೀರಿಲ್ಲ ಅಂತ. ಆಗ ಮೂರು ದಿನ ಬಿಟ್ಟು ಬಂದ ಮೊದಲ ನೀರಿನಲ್ಲಿ ಕೆಸರೇ ಜಾಸ್ತಿ. ಒಂದು ರಾತ್ರಿ ಮಿಷನ್ ಆಫ್ ಇದ್ದರೂ ಒಳಗೆ ತೊಟ್ಟು ತೊಟ್ಟಾಗಿ ನೀರು ತುಂಬಿ, ಬೆಳಿಗ್ಗೆ ಮನೆ ಕೆರೆಯಾಗಿತ್ತು. ಇನ್‌ಲೆಟ್ ವಾಲ್ವಿನ ರಬ್ಬರಿಗೆ ಮರಳು ಸಿಕ್ಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ವಾಲ್ವ್ ಬದಲಿಸಿದೆ. ಇನ್‌ಲೆಟ್ ಪೈಪ್ ಬಿಚ್ಚಿದರೆ ವಾಲ್ವಿನ ಬಾಯಲ್ಲಿ ಸಣ್ಣ ಜಾಲಿ ಕಾಣುತ್ತದೆ, ಈಗ ಅದನ್ನು ಎರಡು ತಿಂಗಳಿಗೊಮ್ಮೆ ತೊಳೆಯುತ್ತೇನೆ. ಒಗೆದಾದ ಮೇಲೆ ನಲ್ಲಿ ಬಂದ್. ಆಫ್ ಇದ್ದರೂ ಡ್ರಮ್ಮಿನಲ್ಲಿ ನೀರು ಕಂಡರೆ ಮೊದಲು ವಾಲ್ವ್ ನೋಡಿ.

ಮಣಿಪಾಲ್ ಹಾಸ್ಟೆಲ್ · ರಾತ್ರಿ 9:30

ಇಲ್ಲೇ ಕೇಳುತ್ತೇನೆ, ಬೈಯಬೇಡಿ. ನಾಲ್ಕು ಜನ ಸೇರಿ ಹಳೇ ಸೆಮಿ ಆಟೋಮ್ಯಾಟಿಕ್ ತಗೊಂಡೆವು. ವಾಷ್ ಕಡೆ ನೀರು ನಿಲ್ಲುವುದೇ ಇಲ್ಲ, ಹಾಕಿದ ಹಾಗೆ ಡ್ರೈನ್ ಪೈಪಿನಿಂದ ಹೋಗುತ್ತದೆ. ನಾಬ್ ‘ವಾಷ್’ನಲ್ಲೇ ಇದೆ.

ಹಳೇ ಸ್ಪ್ಯಾನರ್ · ರಾತ್ರಿ 9:38

ಅದು ಲೀಕ್ ಅಲ್ಲ. ಡ್ರೈನ್ ವಾಲ್ವಿನ ರಬ್ಬರ್ ಬಿರಡೆ ಪೂರ್ತಿ ಕೂರುತ್ತಿಲ್ಲ. ವಾಷ್ ಟಬ್ಬಿನ ಪಕ್ಕದ ಜಾಲಿ ತೆಗೆದರೆ ಕಾಣುತ್ತದೆ. ಅದರ ಅಡಿ ಏನೋ ಸಿಕ್ಕಿರುತ್ತದೆ, ಬಟನ್ನೋ ನೂಲೋ. ಏನೂ ಇಲ್ಲದಿದ್ದರೆ ನಾಬಿನಿಂದ ಬರುವ ಪಟ್ಟಿ ಬಿಗಿಯಾಗಿ ಬಿರಡೆಯನ್ನು ಮೇಲೆ ಎಳೆದಿದೆಯಾ ನೋಡಿ. ಪ್ಲಗ್ ಕಿತ್ತೇ ಕೈ ಹಾಕಿ.

ಬಿಜೈ ಬಾಡಿಗೆಮನೆ · ಜುಲೈ 12, ರಾತ್ರಿ 8:55

ತಡವಾಯಿತು, ಕ್ಷಮಿಸಿ. ಹಂಪನಕಟ್ಟೆಯಲ್ಲಿ ಮೂರು ಅಂಗಡಿ ಸುತ್ತಿದ ಮೇಲೆ ಸರಿಯಾದ ತುದಿಯ ಪೈಪ್ ಸಿಕ್ಕಿತು. 450 ರೂಪಾಯಿ. ಜಾಲಿಗೆ 120. ರಿಂಗಿಗೆ ಖರ್ಚಿಲ್ಲ, ತೊಳೆದದ್ದಷ್ಟೇ. ವೈರುಗಳೆಲ್ಲ ಸರಿ ಇವೆ. ಹಿಂದಿನ ತಗಡಿನ ಒಂದು ಸ್ಕ್ರೂ ತುಕ್ಕು ಹಿಡಿದು ಬರಲೇ ಇಲ್ಲ, ಅರ್ಧ ಗಂಟೆ ಅದಕ್ಕೇ ಹೋಯಿತು. ಪೈಪ್ ಸೇರಿಸಲು ಹತ್ತು ನಿಮಿಷ.

ಮೂರು ದಿನದಲ್ಲಿ ನಾಲ್ಕು ಸಲ ಒಗೆದೆ. ನಿನ್ನೆ ನೀರು ತುಂಬಿಸಿ, ನಿಲ್ಲಿಸಿ, ಚಾ ಕುಡಿದೂ ಬಂದೆ. ಪೇಪರ್ ಒಣಗಿಯೇ ಇತ್ತು. ಅದರಲ್ಲಿದ್ದ ಹಳೇ ಸುದ್ದಿಯನ್ನೂ ಓದಿದೆ.

ಒಂದೇ ಪ್ರಶ್ನೆ ಉಳಿದಿದೆ. ಕೆಳಮನೆಯ ಸೀಲಿಂಗಿನ ಕಲೆ?

ಕಡಿಯಾಳಿ ಬಾವಿಕಟ್ಟೆ · ರಾತ್ರಿ 9:10

ಈ ಮಳೆಯಲ್ಲಿ ಅದು ಒಣಗುವ ಮಾತೇ ಇಲ್ಲ. ಈಗ ಬಣ್ಣ ಹೊಡೆದರೆ ಚಕ್ಕೆ ಏಳುತ್ತದೆ. ದೀಪಾವಳಿ ಕಳೆಯಲಿ ಅಂತ ಆಂಟಿಗೆ ಹೇಳಿ. ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಹಾಕಿಡಿ. ಗೆರೆ ದಾಟಿದರೆ ಅದು ನಿಮ್ಮ ಮಿಷನ್ನಿನದ್ದಲ್ಲ, ಬಾತ್‌ರೂಮಿನ ಪೈಪೋ ಹೊರಗೋಡೆಯೋ ನೋಡಬೇಕು. ಆಗ ಓನರಿಗೆ ಫೋನ್ ಮಾಡಿ.

ಬಿಜೈ ಬಾಡಿಗೆಮನೆ · ರಾತ್ರಿ 9:26

ಗೆರೆ ಹಾಕಿ ಬಂದೆ. ಆಂಟಿ ಒಂದು ಇಲಿಬೋನು ಕೊಟ್ಟು ಕಳಿಸಿದರು. ಜತೆಗೆ ಸುಟ್ಟ ಕೊಬ್ಬರಿ ತುಂಡು.

ಮಣಿಪಾಲ್ ಹಾಸ್ಟೆಲ್ · ರಾತ್ರಿ 11:48

ಬಟನ್ ಸಿಕ್ಕಿತು. ನನ್ನದೇ ಶರ್ಟಿನದ್ದು.